ಚಟ್ನಿ ಪೊಟ್ಟಣದ ಬಸವಣ್ಣ

ದೇವರ ಹೆಸರಿನಲ್ಲಿ ವ್ಯಾಪಾರ ಮಾಡಿ ಮೋಸ ಮಾಡಿದವರನ್ನು ನಾನು ಕಂಡಿದ್ದೇನೆ, ಮೋಸ ಹೋದವರನ್ನೂ ಕಂಡಿದ್ದೇನೆ. ದೇವರ ಚಿತ್ರ ತೀರ ಚೆನ್ನಾಗಿ ಬಂದದ್ದರಿಂದ ಕಂಗಾಲಾದವನನ್ನು ಮಾತ್ರ ಒಬ್ಬನನ್ನೇ ಕಂಡಿದ್ದೇನೆ. ಅವನು ನಮ್ಮ ಚಾಳಿನ ಅಣವೀರಪ್ಪ.

ಮಾಟುಂಗದಲ್ಲಿ ರೈಲು ಹಳಿಯ ಬದಿಗಿದ್ದ ಆ ಚಾಳಿನಲ್ಲಿ ಅವನ ಖೋಲಿ ಹನ್ನೊಂದನೆಯದು, ನಮ್ಮದು ಹನ್ನೆರಡನೆಯದು. ವಿಜಾಪುರ ಕಡೆಯವನು. ಇಪ್ಪತ್ತು ವರ್ಷ ಒಂದು ಹತ್ತಿ ಗೋದಾಮಿನಲ್ಲಿ ತೂಕದ ಗುಮಾಸ್ತನಾಗಿದ್ದ. ೧೯೭೦ರ ಬೇಸಿಗೆಯಲ್ಲಿ ಗೋದಾಮು ಮುಚ್ಚಿತು. ಗಂಡ ಹೆಂಡತಿ ಇಬ್ಬರೇ, ಮಕ್ಕಳಿರಲಿಲ್ಲ. ಹೆಂಡತಿ ಬಸಲಿಂಗವ್ವ ಶೇಂಗಾ ಚಟ್ನಿ ಕುಟ್ಟತೊಡಗಿದರೆ, ಸ್ಟೇಷನ್ನಿಗೆ ಓಡುತ್ತಿದ್ದವರೂ ಆ ವಾಸನೆಗೆ ನಿಂತು ಒಂದು ಲೋಕಲ್ ತಪ್ಪಿಸಿಕೊಳ್ಳುತ್ತಿದ್ದರು. ಕೆಲಸ ಹೋದ ಮೇಲೆ ಅಣವೀರಪ್ಪ ಅದನ್ನೇ ಹಳೆಯ ಪತ್ರಿಕೆಯಲ್ಲಿ ಕಟ್ಟಿ ಮಾರಲು ಹೊರಟ.

ಈ ಸುದ್ದಿ ವಿಜಾಪುರದಲ್ಲಿ ಧಾನ್ಯದ ಅಂಗಡಿ ಇಟ್ಟಿದ್ದ ಬಸಲಿಂಗವ್ವನ ಅಣ್ಣ ಶೆಟ್ಟೆಪ್ಪನಿಗೆ ಮುಟ್ಟಿತು. ಅವನಿಂದ ಒಂದು ಕಾರ್ಡು ಬಂತು. "ಗಂಡಸಾದವ ಹೆಂಡತಿ ಕುಟ್ಟಿದ್ದು ಹೊತ್ಕೊಂಡು ಓಣಿ ಓಣಿ ತಿರುಗೂದು ನಮ್ಮ ಮನೆತನಕ್ಕ ಶೋಭಾ ಅಲ್ಲ. ದೀಪಾವಳಿ ಹಿಂದಿನ ದಿನ ನಾನ ಬರತೇನಿ. ಅಷ್ಟರಾಗ ವ್ಯಾಪಾರ ನೆಟ್ಟಗ ನಿಂತಿದ್ದರ ಸೈ. ಇಲ್ಲಾಂದರ ಇಬ್ಬರೂ ಗಂಟು ಕಟ್ಟಿ ನಡೀರಿ. ನಮ್ಮ ಹಿತ್ತಲ ಖೋಲಿ ಖಾಲಿ ಐತಿ. ಅಣವೀರಪ್ಪ ಅಂಗಡ್ಯಾಗ ಚೀಲಾ ಹೊಲಕೊಂತ ಕೂಡಲಿ."

ಕಾರ್ಡನ್ನು ನಾನೇ ಓದಿ ಹೇಳಿದೆ. ಬಸಲಿಂಗವ್ವ ಕುಟ್ಟುವುದನ್ನು ನಿಲ್ಲಿಸಿದಳು.

"ತವರಿಗೆ ಹಬ್ಬಕ್ಕ ಹೋಗಬೇಕು, ಹೊಟ್ಟಿಗಂತ ಹೋಗಬಾರದು," ಎಂದಳು. "ಅತ್ತಿಗಿ ಕೈಯಾಗ ರೊಟ್ಟಿ ಎಣಿಸಿ ಹಾಕಿಸ್ಕೊಂಡು ತಿನ್ನೂದು ನನ್ನಿಂದ ಆಗೂದಿಲ್ಲ. ಏನರ ಮಾಡ್ರಿ."

ಏನಾದರೂ ಮಾಡುವುದು ಅಣವೀರಪ್ಪನ ಹುಟ್ಟುಗುಣ. ಮಾಡಿದ್ದು ಏನಾಗುತ್ತದೆ ಎಂಬುದನ್ನು ಅವನು ಶಿವನಿಗೆ ಬಿಟ್ಟಿದ್ದ.

ಅವನು ನೆಟ್ಟಗೆ ಮಾಟುಂಗ ಮಾರ್ಕೆಟಿನ ಕಿರಾಣಿ ಅಂಗಡಿಯ ಕಾಂತಪ್ಪನ ಬಳಿ ಹೋದ. ಮಂಗಳೂರು ಕಡೆಯ ಕಾಂತಪ್ಪ ಚಿಟಿಕೆ ಚಟ್ನಿ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದ, ತೆರೆದ.

"ಚಟ್ನಿ ಫಸ್ಟ್ ಕ್ಲಾಸ್ ಉಂಟು ಮಾರಾಯ್ರೆ. ಆದರೆ ಇದಕ್ಕೆ ಮಾರ್ಕು ಎಲ್ಲಿ? ಮಾರ್ಕಿಲ್ಲದ ಮಾಲು ಎದುರಿಗೆ ಇಟ್ಟರೆ ಜನ ನನ್ನ ಅಂಗಡಿಯನ್ನೇ ಸಂಶಯ ಮಾಡ್ತಾರೆ. ಒಂದು ಒಳ್ಳೆ ಮಾರ್ಕು ಮಾಡಿಸಿ, ಪೊಟ್ಟಣದ ಮೇಲೆ ಅಚ್ಚು ಹಾಕಿಸಿ ತನ್ನಿ. ದೀಪಾವಳಿ ವರೆಗೆ ಎದುರಿನ ಹಲಗೆ ನಿಮಗೆ. ಮಾಲು ಹೋಗದಿದ್ದರೆ ಆ ಜಾಗ ಊದಿನಕಡ್ಡಿಯವರಿಗೆ."

ಮಾರ್ಕು ಎಂದೊಡನೆ ಅಣವೀರಪ್ಪನಿಗೆ ಮನೆದೇವರು ನಂದಿ ಬಸವಣ್ಣನ ಹೊರತು ಬೇರೆ ಏನೂ ತೋಚಲಿಲ್ಲ. ಚಾಳಿನ ಮಹಡಿಯಲ್ಲಿ ಅಂಗಡಿ ಬೋರ್ಡು ಬರೆಯುವ ಚಂದ್ರಾಮನಿದ್ದ. ನೆರೆಯವನೆಂದು ಪುಕ್ಕಟೆ ಬರೆದುಕೊಟ್ಟ. ಚಿತ್ರವನ್ನು ಮಹಡಿಯ ಕಟಕಟೆಗೆ ಒರಗಿಸಿದಾಗ ಚಾಳೇ ನೆರೆಯಿತು.

"ನಾಯಿ ಛಲೋ ಬಂದೈತಿ," ಎಂದ ಗಿರಣಿಯ ಬಂಡೆಪ್ಪ.

"ನಾಯಿಗೆ ಕೋಡ ಇರತಾವೇನೋ?" ಎಂದ ಅಣವೀರಪ್ಪ ಹಲ್ಲು ಕಚ್ಚಿ.

"ಅವು ಕಿವಿ ಅಲ್ಲೇನು?"

ಎದುರು ಸಾಲಿನ ಮಲ್ಲವ್ವ ಚಿತ್ರವನ್ನು ಬಹಳ ಹೊತ್ತು ನೋಡಿದಳು. "ಆಡು ಇದು. ನಮ್ಮೂರಾಗ ಇಂಥದೊಂದಿತ್ತು. ಹುಚ್ಚ ಹಿಡದು ಸತ್ತಿತು."

ಚಂದ್ರಾಮನಿಗೆ ಸಿಟ್ಟು ಬಂತು. "ಪುಕ್ಕಟೆ ಬಸವಣ್ಣ ಹಿಂಗ ಇರತಾನ. ಜೀವಂತ ಇರೋ ಬಸವಣ್ಣ ಬೇಕಂದರ ಕಾಲೇಜ ಕಲತ ಆರ್ಟಿಸ್ಟನ ಕಡೆ ಹೋಗ್ರಿ!" ಎಂದು ಕುಂಚ ತೊಳೆಯಲು ಹೋದ. ಸಿಟ್ಟಿನಲ್ಲಿ ಆಡಿದ ಮಾತು. ಅಣವೀರಪ್ಪ ಅದನ್ನು ಉಪದೇಶವೆಂದು ಸ್ವೀಕರಿಸಿದ.

ಗ್ರಾಂಟ್ ರೋಡಿನ ಒಂದು ಲಾಡ್ಜಿನ ಮೇಲ್ಮಾಳಿಗೆಯಲ್ಲಿ ದೂಜ ಎಂಬ ಆರ್ಟಿಸ್ಟನಿದ್ದ. ಕಾಂತಪ್ಪನ ಊರಿನ ಕಡೆಯವನೇ, ಕ್ರೈಸ್ತ, ಕಂಪನಿಗಳಿಗೆ ಮಾರ್ಕು ಮಾಡಿಕೊಡುವುದೇ ಅವನ ಕಸುಬು. ಇಂಗ್ಲಿಷ್ ಬೇಕಾದೀತೆಂದು ಅಣವೀರಪ್ಪ ನನ್ನನ್ನೂ ಕರೆದೊಯ್ದ. ಮೂವತ್ತು ವರ್ಷದ ತೆಳ್ಳನೆಯ ದೂಜ ಕನ್ನಡಿಗನೇ ಆದ್ದರಿಂದ ನನ್ನ ಇಂಗ್ಲಿಷ್ ಹಾಗೇ ಮರಳಿ ಬಂತು.

ದೂಜ ಪೆನ್ಸಿಲು ತೆಗೆದ. "ನಿಮ್ಮ ಗಿರಾಕಿಗಳು ಯಾರು? ಪ್ರಾಯ ಎಷ್ಟು?"

"ವಯಸ್ಸು ಕೇಳಾಕ ನಾವೇನು ಬೀಗತಾನ ಮಾಡತೇವೇನ್ರಿ?"

"ತಿಂದಾದ ಮೇಲೆ ಪೊಟ್ಟಣ ಎಲ್ಲಿಗೆ ಹೋಗ್ತದೆ?"

"ಅದ ಎಲ್ಲಿಗರ ಹೋಗಲಿ. ಚಟ್ನಿ ಹೊಟ್ಟಿಗೆ ಹೋದರ ಸಾಕು."

ದೂಜ ಅದನ್ನೂ ಬರೆದುಕೊಂಡ. ಒಂದು ವಾರ ಬಿಟ್ಟು ಹೋದಾಗ ದೊಡ್ಡ ಬಿಳಿ ಹಾಳೆಯೊಂದನ್ನು ಮುಂದಿಟ್ಟ. ಅದರ ನಟ್ಟನಡುವೆ ಬಾಗಿದ ಒಂದೇ ಒಂದು ಮೆಣಸಿನಕಾಯಿ. ಅಣವೀರಪ್ಪ ಹಾಳೆಯ ಹಿಂಬದಿಯನ್ನೂ ತಿರುಗಿಸಿ ನೋಡಿದ.

"ಉಳಿದದ್ದು?"

"ಅಷ್ಟೇ."

"ಇಷ್ಟ ಜಾಗಾ ಖಾಲಿ ಬಿಟ್ಟೀರಲ್ರಿ! ಇದಕ್ಕೂ ಚಾರ್ಜೇನು?"

"ಆ ಖಾಲಿ ಜಾಗಕ್ಕೇ ಹೆಚ್ಚು ಚಾರ್ಜು. ಮೆಣಸಿನಕಾಯಿ ಯಾರು ಬೇಕಾದರೂ ಬರೀತಾರೆ. ಎಲ್ಲಿ ನಿಲ್ಲಿಸಬೇಕು ಅಂತ ಕಲೀಲಿಕ್ಕೆ ನಾನು ಐದು ವರ್ಷ ಕಾಲೇಜಿಗೆ ಹೋಗಿದ್ದೇನೆ."

"ನನಗ ಬಸವಣ್ಣ ಬೇಕ್ರಿ," ಎಂದ ಅಣವೀರಪ್ಪ. "ಖಾಲಿ ಜಾಗಾ ನೀವ ಇಟ್ಕೊಳ್ರಿ."

ದೂಜ ಹಾಳೆಯನ್ನು ಬದಿಗಿಟ್ಟ. "ನಾನು ಬಸವಣ್ಣನನ್ನು ಸರಿಯಾಗಿ ನೋಡಿದವನಲ್ಲ. ನೋಡದೆ ಬರೆಯುವುದಿಲ್ಲ."

ಶ್ರಾವಣ ಮಾಸ. ಮೂರು ಸೋಮವಾರ ದೂಜ ಮಾಟುಂಗದ ಒಂದು ಶಿವಾಲಯದಲ್ಲಿ ಕಲ್ಲಿನ ನಂದಿಯೆದುರು ಹಾಳೆ ಹಿಡಿದು ಕುಳಿತ. ಭಕ್ತರು ಕಾಲು ತುಳಿದರೂ ಏಳಲಿಲ್ಲ. ಇಷ್ಟು ಏಕಾಗ್ರತೆಯ ಭಕ್ತನನ್ನು ಕಂಡಿಲ್ಲವೆಂದು ಮೂರನೆಯ ಸೋಮವಾರ ಅರ್ಚಕರು ಅವನ ಗೋತ್ರ ಕೇಳಿದರು. ದೂಜ ತನಗೆ ತಿಳಿದ ಮಟ್ಟಿಗೆ ತನ್ನ ಇಗರ್ಜಿಯ ಹೆಸರು ಹೇಳಿದ. ಅರ್ಚಕರು ಅದನ್ನೇ ಸೇರಿಸಿ ಅರ್ಚನೆ ಮಾಡಿ ಪ್ರಸಾದ ಕೊಟ್ಟರು. ಶಿವನು ಬೇಡವೆಂದ ಗುರುತು ಕಾಣಲಿಲ್ಲ.

ಚಿತ್ರ ಬಂದ ದಿನ ನಾನೂ ಇದ್ದೆ. ಹತ್ತು ಹನ್ನೆರಡು ಗೆರೆಗಳಿಗಿಂತ ಹೆಚ್ಚಿರಲಿಲ್ಲ. ಆದರೆ ಮಡಿಚಿದ ಮುಂಗಾಲು, ತುಸು ವಾಲಿದ ಕೋಡು, ಅರೆ ಮುಚ್ಚಿದ ಆ ಕಣ್ಣು! ಹಾಳೆಯ ಎಡಕ್ಕೆ ನಿಂತರೆ ಎಡಕ್ಕೆ ನೋಡುತ್ತಿತ್ತು, ಬಲಕ್ಕೆ ನಿಂತರೆ ಬಲಕ್ಕೆ. ಅಣವೀರಪ್ಪ ಎಲೆ ಅಡಿಕೆ, ತೆಂಗಿನಕಾಯಿ, ಹಣ ಮೇಜಿನ ಮೇಲಿಟ್ಟು ಉದ್ದಕ್ಕೆ ಅಡ್ಡಬಿದ್ದ. ಮೇಜಿನ ಆಚೆ ನಿಂತಿದ್ದ ದೂಜ, ನಮಸ್ಕಾರ ತನಗೇ ಎಂದು ಗಾಬರಿಯಾಗಿ ತಾನೂ ಬಗ್ಗಿದ. ಮುದ್ರಣಾಲಯದವನು ಚಪ್ಪಲಿ ಕಳಚಿ ಮಶೀನು ನಡೆಸಿದ. ಬಂಡೆಪ್ಪ ಕೂಡ ನಾಯಿಯೆಂದು ಅನ್ನಲಿಲ್ಲ.

ಚೌತಿಯ ಹೊತ್ತಿಗೆ 'ಬಸವಣ್ಣ ಛಾಪ್ ಶೇಂಗಾ ಚಟ್ನಿ' ಕಾಂತಪ್ಪನ ಎದುರಿನ ಹಲಗೆಗೆ ಏರಿತು. ಬೆಲೆ ಒಂದು ರೂಪಾಯಿ. ನಾಲ್ಕೇ ದಿನಗಳಲ್ಲಿ ನೂರು ಪೊಟ್ಟಣ ಹೋದವು. ಅಣವೀರಪ್ಪ ಶೆಟ್ಟೆಪ್ಪನಿಗೆ ಗರ್ವದ ಕಾರ್ಡು ಬರೆದ.

ಐದನೆಯ ದಿನದಿಂದ ಒಂದೂ ಹೋಗಲಿಲ್ಲ.

ಎರಡನೆಯ ವಾರವೂ ಹಾಗೇ ಕಳೆಯಿತು. ಕಾಂತಪ್ಪ ಊದಿನಕಡ್ಡಿಯವರ ಹೆಸರು ಎತ್ತತೊಡಗಿದ. ರುಚಿ ಕೆಟ್ಟಿತೇ ಎಂದು ಗಂಡ ಹೆಂಡತಿ ಕೊಂಡವರ ಮನೆಗಳಿಗೇ ಹೊರಟರು. ಮೊದಲು ಮಲ್ಲವ್ವನ ಖೋಲಿ. ಅಲ್ಲಿ ದೇವರ ಜಗಲಿಯ ಮೇಲೆ ಚಟ್ನಿ ಪೊಟ್ಟಣ ಕುಳಿತಿತ್ತು. ಮೇಲೊಂದು ದಾಸವಾಳ, ಹಣೆಗೆ ವಿಭೂತಿ, ಮುಂದೆ ನೀಲಾಂಜನ.

"ಮಲ್ಲವ್ವಾ, ತಿಂದಿಲ್ಲೇನು?" ಎಂದಳು ಬಸಲಿಂಗವ್ವ.

"ತಿನ್ನೂದ? ಬಸವಣ್ಣನ ಮಾರಿ ಪರ್ರಂತ ಹರದು ಚಟ್ನಿ ತಿನ್ನೂವಷ್ಟು ಬರಗೆಟ್ಟಿಲ್ಲವಾ ನಾವು."

"ಅದು ಜೋಳದ ರೊಟ್ಟಿಗೆ ಹಚ್ಚಾಕ ಮಾಡಿದ್ದು!"

"ಅವನ ಮುಂದ ದಿನಾ ರೊಟ್ಟಿ ಇಡತೇನಿ. ಅವಂದ ಚಟ್ನಿ, ನಂದ ರೊಟ್ಟಿ. ಅವ ತಿಂದರ ಸಾಕು."

ಎಲ್ಲ ಮನೆಗಳಲ್ಲಿಯೂ ಅದೇ. ಮಾಟುಂಗದಿಂದ ದಾದರಿನ ತನಕ ನೂರು ಜಗಲಿಗಳ ಮೇಲೆ ನೂರು ಪೊಟ್ಟಣ, ಒಂದೂ ಬಿಚ್ಚಿರಲಿಲ್ಲ. ಚಂದ್ರಾಮನ ನಾಯಿಯನ್ನು ಹಾಕಿದ್ದರೆ ಜನ ಹರಿದು ತಿಂದು ಎಸೆದು ಮತ್ತೆ ಬರುತ್ತಿದ್ದರು. ಕಲಿತವನ ಕೈಗೆ ಕೊಟ್ಟದ್ದೇ ತಪ್ಪಾಗಿತ್ತು.

ಆಗ ದಾರಿ ತೋರಿಸಿದವಳು ನನ್ನಾಕೆ ರುಕ್ಮಿಣಿಬಾಯಿ. ಆ ವರ್ಷ ಅವಳು ಇನ್ನೂ ಇದ್ದಳು. ಪೊಟ್ಟಣವನ್ನು ಎರಡೂ ಕಣ್ಣಿಗೆ ಒತ್ತಿಕೊಂಡು, ತಲೆಕೆಳಗು ಮಾಡಿ, ಬುಡವನ್ನು ಬ್ಲೇಡಿನಿಂದ ಮೆಲ್ಲಗೆ ಬಿಡಿಸಿ ಚಟ್ನಿ ತೆಗೆದಳು. ಬಸವಣ್ಣನಿಗೆ ಒಂದು ಗೀರೂ ಬೀಳಲಿಲ್ಲ. ಈ ವಿದ್ಯೆಯನ್ನು ನಲ್ಲಿಯ ಬಳಿ ಎಲ್ಲರಿಗೂ ಹೇಳಿಕೊಟ್ಟಳು. ಚಟ್ನಿ ತೀರಿತು. ಖಾಲಿ ಪೊಟ್ಟಣ ಹಿಡಿದು ಕಸದ ಡಬ್ಬಿಯ ತನಕ ಹೋದಳು, ಹಿಂದಿರುಗಿದಳು. ಒಲೆಯ ತನಕ ಹೋದಳು, ಹಿಂದಿರುಗಿದಳು. ಕೊನೆಗೆ ಅಣವೀರಪ್ಪನ ಬಾಗಿಲಿಗೆ ಹೋದಳು.

"ಅಣ್ಣಾರ, ನಿಮ್ಮ ದೇವರನ್ನ ನೀವ ಇಟ್ಕೋರಿ. ನನಗ ಇದನ್ನ ಒಗೀಲಿಕ್ಕೆ ಧೈರ್ಯ ಇಲ್ಲ."

ಅಣವೀರಪ್ಪನಿಗೆ ಮಾತ್ರ ಎಲ್ಲಿಂದ ಧೈರ್ಯ ಬರಬೇಕು? ಎರಡೂ ಕೈಯಲ್ಲಿ ಇಸಿದುಕೊಂಡು ಗೂಡಿನಲ್ಲಿಟ್ಟ. ಸಂಜೆಗೆ ಮಲ್ಲವ್ವ ಬಂದಳು. ಮರುದಿನ ಐವರು. ವಾರದೊಳಗೆ ಹನ್ನೊಂದನೆಯ ಖೋಲಿಯ ಮುಂದೆ ಬಸವಣ್ಣನನ್ನು ಮರಳಿಸುವವರ ಓಡಾಟ ಶುರುವಾಯಿತು. ಗೂಡು ತುಂಬಿ, ಜಗಲಿ ತುಂಬಿ, ಪೊಟ್ಟಣಗಳು ಕಟ್ಟುಕಟ್ಟಾಗಿ ನಾಲ್ಕೂ ಗೋಡೆಗೆ ಏರಿದವು. ಯಾವ ಕಡೆಗೆ ಕಾಲು ಚಾಚಿದರೂ ಒಬ್ಬ ಬಸವಣ್ಣ ಅರೆಗಣ್ಣಿನಿಂದ ನೋಡುತ್ತಿದ್ದ. ಅಣವೀರಪ್ಪ ಹದಿನೈದು ದಿನ ಮೊಣಕಾಲು ಎದೆಗೆ ಅವಚಿಕೊಂಡು ಮಲಗಿದ.

"ನೀರಿಗೆ ಬಿಡ್ರಿ," ಎಂದೆ ನಾನು. ಸಮುದ್ರ ಹೊಲಸು, ಪವಾಯಿ ಕೆರೆ ಆಗಬಹುದೆಂದು ಅವನೇ ತೀರ್ಮಾನಿಸಿದ. ದೇವರನ್ನು ಕೆಳಗಿಡುವಂತಿಲ್ಲ. ಗೋಣಿಚೀಲವನ್ನು ತಲೆಯ ಮೇಲೆ ಹೊತ್ತೇ ಲೋಕಲ್ ಹತ್ತಿದ, ಹೊತ್ತೇ ಬಸ್ಸು ಹತ್ತಿದ. ಕೆರೆಯ ದಂಡೆಯಲ್ಲಿ ಒಬ್ಬ ಹವಾಲ್ದಾರ ಲಾಠಿ ಅಡ್ಡ ಹಿಡಿದು ಚೀಲದಲ್ಲೇನಿದೆ ಎಂದು ಕೇಳಿದ.

"ಏ ಬಾಬಾ! ಬೋರೀ ಮೇ ಕ್ಯಾ ಹೈ?"

"ದೇವರ ಹೈ."

"ದೇವ? ಕಿತನೇ?"

"ಚಾರಸೌ."

ಹವಾಲ್ದಾರ ಇಪ್ಪತ್ತು ವರ್ಷದ ನೌಕರಿಯಲ್ಲಿ ಕಳ್ಳಸಾರಾಯಿ ಕಂಡಿದ್ದ, ಕಳ್ಳ ಗಡಿಯಾರ ಕಂಡಿದ್ದ. ಚೀಲ ಬಿಚ್ಚಿಸಿದ. ನಾನೂರು ಬಸವಣ್ಣರು ಒಮ್ಮೆಗೇ ಅವನನ್ನು ನೋಡಿದರು. ಅವನ ಲಾಠಿ ಕಂಕುಳಿಗೆ ಹೋಯಿತು, ಟೋಪಿ ಕೈಗೆ ಬಂತು.

"ಅರೇ ದೇವಾ! ಇಸಕೋ ಪಾನೀ ಮೇ ಫೇಕತಾ ಹೈ? ಶರಮ್ ನಹೀಂ ಆತೀ?" ಎಂದು, ದೇವರನ್ನು ನೀರಿಗೆ ಎಸೆಯಲು ನಾಚಿಕೆಯಿಲ್ಲವೇ ಎಂದು ಗದರಿಸಿದ. ಒಂದು ಪೊಟ್ಟಣವನ್ನು ತಾನೇ ಆರಿಸಿ ಜೇಬಿಗೆ ಹಾಕಿಕೊಂಡ. ಬೆರಳು ಮೂಗಿಗೆ ಹೋಯಿತು, ಮೂಗಿನಿಂದ ಬಾಯಿಗೆ. "ಯೇ ಚಟ್ನಿ ಕಿಧರ್ ಮಿಲತೀ ಹೈ?"

ಅಣವೀರಪ್ಪ ಅಳುದನಿಯಲ್ಲಿ ಕಾಂತಪ್ಪನ ಅಂಗಡಿಯ ವಿಳಾಸ ಹೇಳಿ, ಮುನ್ನೂರ ತೊಂಬತ್ತೊಂಬತ್ತು ದೇವರುಗಳನ್ನು ತಲೆಯ ಮೇಲೆ ಹೊತ್ತು ಹಿಂದಿರುಗಿದ.

ದೀಪಾವಳಿಗೆ ಹನ್ನೆರಡು ದಿನ ಉಳಿದಿತ್ತು. ಅವನು ಬಸಲಿಂಗವ್ವನನ್ನೂ ನನ್ನನ್ನೂ ಕರೆದುಕೊಂಡು ದೂಜನ ಮೇಲ್ಮಾಳಿಗೆ ಹತ್ತಿದ.

"ದೂಜಾರ, ಸ್ವಲ್ಪ ಕೆಡಿಸಿ ಕೊಡ್ರಿ."

"ಏನನ್ನು?"

"ಬಸವಣ್ಣನ್ನ. ಕಣ್ಣರ ಒಂದೀಟು ವಾರೆ ಮಾಡ್ರಿ. ಬಾಲ ಮ್ಯಾಲೆತ್ತರಿ. ನಾಯಿ ಹಂಗ ಕಂಡರೂ ನಡೀತೈತಿ!"

ದೂಜ ಕುಂಚ ಕೆಳಗಿಟ್ಟ. "ಚಿತ್ರ ಸರಿಯಾಗಿಲ್ಲ ಅಂತ ಜಗಳಕ್ಕೆ ಬಂದವರು ಬಹಳ ಮಂದಿ. ಸರಿಯಾಗಿದೆ ಅಂತ ಜಗಳಕ್ಕೆ ಬಂದವರು ನೀವೇ ಮೊದಲು. ಕೆಡಿಸುವುದಕ್ಕೆ ನಾನು ಕಲಿತಿಲ್ಲ ಮಾರಾಯ್ರೆ. ಏನಾಯ್ತು ಹೇಳಿ."

ಅಣವೀರಪ್ಪ ಎಲ್ಲವನ್ನೂ ಹೇಳಿದ. "ಮನ್ಯಾಗ ಆರನೂರು ಖಾಲಿ ಪೊಟ್ಟಣ ಕೂತಾವ್ರಿ. ನಮ್ಮ ವ್ಯಾಪಾರ ಮುಳುಗಿತು!"

"ಎಷ್ಟು?"

"ಆರನೂರು! ದಿನಾ ಮೂವತ್ತು ನಲವತ್ತು ಬರಾಕ ಹತ್ಯಾವು."

"ಪೊಟ್ಟಣ ಕೊಟ್ಟು ಅವರು ಎಲ್ಲಿಗೆ ಹೋಗ್ತಾರೆ?"

ಇದಕ್ಕೆ ಬಸಲಿಂಗವ್ವ ಉತ್ತರ ಕೊಟ್ಟಳು. "ದೇವರನ್ನ ಕೊಟ್ಟು ಬರಿಗೈಲೆ ಹೆಂಗ ಹೋಗತಾರ್ರೀ? ಅಪಶಕುನ ಅಲ್ಲೇನು? ನನ್ನ ಕೈಯಾಗ ರೂಪಾಯಿ ಇಟ್ಟು ಇನ್ನೊಂದ ತಗೊಂಡು ಹೋಗತಾರ."

ದೂಜ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ.

"ಅಣವೀರಪ್ಪನವರೇ, ಆರುನೂರು ಪೊಟ್ಟಣ ಖಾಲಿ ಆಗಬೇಕಾದರೆ ಆರುನೂರು ಪೊಟ್ಟಣ ಚಟ್ನಿ ಖರ್ಚಾಗಬೇಕು. ಅಲ್ವಾ?"

ಕೆಳಗೆ ಟ್ಯಾಕ್ಸಿಗಳು ಹಾರ್ನು ಬಾರಿಸುತ್ತಿದ್ದವು. ಇಪ್ಪತ್ತು ವರ್ಷ ತೂಕದ ಗುಮಾಸ್ತನಾಗಿದ್ದವನು ಬೆರಳು ಮಡಿಚಿ ಲೆಕ್ಕ ಹಾಕುತ್ತಿದ್ದ.

"ಅದಕ್ಕ!" ಎಂದಳು ಬಸಲಿಂಗವ್ವ ರಟ್ಟೆ ಹಿಡಿದುಕೊಂಡು. "ಅದಕ್ಕ ಮೂರ ವಾರದಿಂದ ನನ್ನ ರಟ್ಟಿ ಇಷ್ಟು ಕಡೀಲಿಕ್ಕೆ ಹತ್ಯಾವು! ನಾ ಕುಟ್ಟತೇನಿ, ಇವರು ಖಾಲಿ ಪೊಟ್ಟಣ ನೋಡಿ ಅಳತಾರ."

ದೂಜ ನಕ್ಕು ನಕ್ಕು ಸ್ಟೂಲಿನ ಮೇಲೆ ಕುಳಿತ. ಆಮೇಲೆ ಒಂದು ಹಾಳೆ ಎಳೆದುಕೊಂಡ. ಬಸವಣ್ಣ ದಪ್ಪ ಕಾಗದದ ಹೊರಚೀಲದ ಮೇಲಿರಲಿ. ಚಟ್ನಿ ಒಳಗೆ ಸಾದಾ ಪೊಟ್ಟಣದಲ್ಲಿರಲಿ. ಹರಿಯುವುದು ಸಾದಾ ಪೊಟ್ಟಣ. ಹೊರಚೀಲ ತಂದವರಿಗೆ ಅದರೊಳಗೇ ಹೊಸ ಪೊಟ್ಟಣ ಇಟ್ಟು ಕೊಡಿ. ದೇವರು ಹರಿಯುವುದಿಲ್ಲ, ಗಿರಾಕಿ ತಪ್ಪುವುದಿಲ್ಲ.

"ಇದಕ್ಕ ಬ್ಯಾರೆ ಚಾರ್ಜೇನ್ರಿ?" ಎಂದ ಅಣವೀರಪ್ಪ ಹೆದರುತ್ತ.

"ಇದು ನಿಮ್ಮ ಗಿರಾಕಿಗಳು ಕೊಟ್ಟ ಉಪಾಯ. ಚಾರ್ಜಿಲ್ಲ. ಅವತ್ತು ನೀವು ಬೇಡ ಅಂತ ಬಿಟ್ಟುಹೋದ ಖಾಲಿ ಜಾಗ ಅಂತ ತಿಳಿಯಿರಿ."

ಖೋಲಿಯಲ್ಲಿದ್ದ ಹಳೆಯ ರಾಶಿಯನ್ನು ಶಿವಾಲಯದ ಅರ್ಚಕರು ಹೋಮಕ್ಕೆ ಸ್ವೀಕರಿಸಿದರು. ಅಂದು ಖಾರದ ಘಾಟಿಗೆ ನೆರೆದವರ ಕಣ್ಣುಗಳಿಂದೆಲ್ಲ ನೀರು ಸುರಿಯಿತು. ಇಂಥ ಭಕ್ತಿ ಮಾಟುಂಗದಲ್ಲಿ ಹಿಂದೆ ಕಂಡಿಲ್ಲವೆಂದು ಹಿರಿಯರು ಹೇಳಿದರು.

ಹೊಸ ಚೀಲ ಬಂತು. ಕಾಂತಪ್ಪ ಅಂಗಡಿಯ ಬದಿಯ ಬಾಗಿಲನ್ನೇ ತೆರೆದು ಹಲಗೆ ಹಾಕಿಕೊಟ್ಟ; ಚಟ್ನಿಯವರ ಸರದಿಯಿಂದ ಅಕ್ಕಿಯವರು ಒಳಗೆ ಬರುವಂತಿರಲಿಲ್ಲ. ಕೈಯಲ್ಲಿ ಬಸವಣ್ಣನಿರುವಾಗ ಕಾಲಲ್ಲಿ ಚಪ್ಪಲಿ ಹೇಗೆಂದು ಮಲ್ಲವ್ವ ಮೊದಲು ಕಳಚಿದಳು. ಉಳಿದವರೂ ಕಳಚಿದರು. ಪವಾಯಿಯ ಹವಾಲ್ದಾರ ಬೂಟು ಬಿಚ್ಚಿ ನಿಂತಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ದೀಪಾವಳಿಯ ಹಿಂದಿನ ದಿನ ಬೆಳಿಗ್ಗೆ ಶೆಟ್ಟೆಪ್ಪ ಬಂದಿಳಿದ. ತಲೆಗೆ ಜರಿ ರುಮಾಲು, ಜೇಬಿನಲ್ಲಿ ತಂಗಿಗೂ ಅವಳ ಗಂಡನಿಗೂ ತೆಗೆಸಿದ ಟಿಕೀಟು, ಕೈಯಲ್ಲಿ ಅವರ ಸಾಮಾನು ತುಂಬಿಕೊಳ್ಳಲೆಂದು ತಂದ ದೊಡ್ಡ ಕಬ್ಬಿಣದ ಟ್ರಂಕು. ಹನ್ನೊಂದನೆಯ ಖೋಲಿಗೆ ಬೀಗವಿತ್ತು.

"ತಲಿ ತಪ್ಪಿಸ್ಕೊಂಡಾನೇನು?" ಎಂದ.

"ಮಾರ್ಕೆಟಿನಾಗ ಅದಾರ್ರೀ, ಬರ್ರಿ," ಎಂದು ನಾನು ಜೊತೆಗೆ ಹೊರಟೆ.

ಮಾರ್ಕೆಟಿನ ತಿರುವಿನಲ್ಲಿ ಅವನು ನಿಂತ. ನೂರು ಜೋಡಿ ಚಪ್ಪಲಿ ಸಾಲಾಗಿದ್ದವು. ಆಚೆಗೆ ಬರಿಗಾಲಿನ ಉದ್ದನೆಯ ಸರದಿ, ಎಲ್ಲರ ಕೈಯಲ್ಲೂ ಬಸವಣ್ಣ. ಶೆಟ್ಟೆಪ್ಪ ರುಮಾಲು ಸರಿಮಾಡಿಕೊಂಡ, ಜೋಡು ಕಳಚಿದ.

"ಮುಂಬೈಯಾಗ ಇಂಥಾ ಗುಡಿ ಐತಿ ಅಂತ ಗೊತ್ತಿರಲಿಲ್ಲ. ಟ್ರಂಕ ನೋಡ್ಕೊಳ್ರಿ, ದರ್ಶನ ಮಾಡ್ಕೊಂಡು ಬರತೇನಿ."

ದೇವರ ಕಡೆಗೆ ಹೊರಟವನನ್ನು ತಡೆಯುವುದು ಪಾಪ. ನಾನು ತಡೆಯಲಿಲ್ಲ.

ಸರದಿಯಲ್ಲಿ ಅವನ ಮುಂದೆ ಮಲ್ಲವ್ವನಿದ್ದಳು. "ಭಾಳ ಜಾಗೃತ ದೇವರೇನವಾ?" ಎಂದು ಮೆಲ್ಲಗೆ ಕೇಳಿದ.

"ಭಾಳಂದರ ಭಾಳ. ನಾಲಗಿ ಮ್ಯಾಲ ಇಟ್ಟರ ಸಾಕು, ಕಣ್ಣಾಗ ನೀರ ಬರತಾವ."

ಮುಕ್ಕಾಲು ತಾಸಿಗೆ ಅವನ ಪಾಳಿ ಬಂತು. ಕಣ್ಣು ಮುಚ್ಚಿ ಎರಡೂ ಕೈ ಬೊಗಸೆಯಾಗಿ ಚಾಚಿದ. ಬೊಗಸೆಯಲ್ಲಿ ಏನೋ ಭಾರವಾದದ್ದು ಬಿತ್ತು. ಅವನು ಅದನ್ನು ಕಣ್ಣಿಗೆ ಒತ್ತಿಕೊಂಡ, ಹಣೆಗೆ ಮುಟ್ಟಿಸಿದ.

"ಅಣ್ಣಾ," ಎಂದಿತು ದೇವರ ಕಡೆಯಿಂದ ಒಂದು ದನಿ. "ಒಂದ ರೂಪಾಯಿ ಕೊಡು. ಹಿಂದ ಮಂದಿ ನಿಂತಾರ."

ಶೆಟ್ಟೆಪ್ಪ ಕಣ್ಣು ತೆರೆದ. ಹಲಗೆಯ ಆಚೆ ಹಣೆಯ ಬೆವರು ಸೆರಗಿನಿಂದ ಒರೆಸಿಕೊಳ್ಳುತ್ತ ತಂಗಿ ನಿಂತಿದ್ದಳು. ಅವಳ ಹಿಂದೆ ಅಣವೀರಪ್ಪ ತಲೆಯೆತ್ತಲು ಪುರಸೊತ್ತಿಲ್ಲದೆ ಚೀಲ ತುಂಬುತ್ತಿದ್ದ. ಶೆಟ್ಟೆಪ್ಪ ಕೈಯಲ್ಲಿದ್ದ ಪೊಟ್ಟಣ ನೋಡಿದ, ಹಿಂದಿನ ಸರದಿ ನೋಡಿದ, ಜೇಬಿಗೆ ಕೈ ಹಾಕಿದ. ಟಿಕೀಟು ಬಂತು. ಅದನ್ನು ಒಳಗೆ ತುರುಕಿ ರೂಪಾಯಿ ತೆಗೆದುಕೊಟ್ಟ.

ನನ್ನ ಬಳಿಗೆ ಬಂದು ಪೊಟ್ಟಣವನ್ನು ಟ್ರಂಕಿನಲ್ಲಿಟ್ಟ. ಆಮೇಲೆ ಹೋಗಿ ಸರದಿಯ ಕೊನೆಯಲ್ಲಿ ಮತ್ತೆ ನಿಂತುಕೊಂಡ.

"ಮತ್ತ ಯಾಕ್ರೀ?" ಎಂದೆ.

"ಊರಾಗ ಹೇಳಬೇಕಲ್ರಿ, ನಮ್ಮ ತಂಗಿದು ಇಂಥಾ ವ್ಯಾಪಾರ ನಡದೈತಿ ಅಂತ. ಒಂದ ಪೊಟ್ಟಣ ತೋರಿಸಿದರ ಯಾರ ನಂಬತಾರ?"

ಬಸಲಿಂಗವ್ವ ಅಲ್ಲಿಂದಲೇ ಕೂಗಿದಳು.

"ಅಣ್ಣಾ! ಆ ಟ್ರಂಕ ಇತ್ತಲಾಗ ತಾ."